ಅಂಗಾಲಿಗೆ ಬಂದ ಹಾಡು

ಪೊಲೀಸ್ ತರಬೇತಿ ಶಾಲೆ, ಮೈಸೂರು
9 ಮಾರ್ಚ್ 2025, ಭಾನುವಾರ

ಅಮ್ಮಾ,

ಇವತ್ತು ಎಲ್ಲರಿಗೂ ಫೋನು ಕೊಟ್ಟಿದ್ದಾರೆ. ಬ್ಯಾರಕ್ ತುಂಬ ಹುಡುಗಿಯರು ಗೋಡೆಗೆ ಮುಖ ಮಾಡಿಕೊಂಡು ಅವರವರ ಅಮ್ಮಂದಿರ ಜೊತೆ ಮಾತಾಡ್ತಿದ್ದಾರೆ. ನಾನು ಅಪ್ಪನ ಹತ್ತಿರ ಎರಡು ಮಾತಾಡಿ ಇಟ್ಟುಬಿಟ್ಟೆ. ಫೋನಿನಲ್ಲಿ ನಿನಗೆ ಕೇಳಿಸಲ್ಲ. ಅಪ್ಪ ನಡುವೆ ನಿಂತು, ನಾನು ಹೇಳಿದ್ದರಲ್ಲಿ ಅವನಿಗೆ ಇಷ್ಟವಾದದ್ದನ್ನ ಮಾತ್ರ ನಿನಗೆ ದಾಟಿಸ್ತಾನೆ. ಅದಕ್ಕೇ ಈ ಪತ್ರ.

ಊಟ ಚೆನ್ನಾಗಿದೆ. ಬೆಳಿಗ್ಗೆ ಓಟ, ಆಮೇಲೆ ಕವಾಯತು, ಮಧ್ಯಾಹ್ನ ಕಾನೂನು ಪಾಠ. ಓಟದಲ್ಲಿ ನಾನೇ ಮುಂದೆ. ಕವಾಯತಿನಲ್ಲಿ ಮಾತ್ರ ದಿನಾ ಬೈಗುಳ. ಸರದಿ ಪ್ರಕಾರ ಒಬ್ಬೊಬ್ಬರೂ ಮುಂದೆ ನಿಂತು ಇಡೀ ತಂಡಕ್ಕೆ ಆಜ್ಞೆ ಕೂಗಬೇಕು. ನಾನು ಕೂಗಿದರೆ ಮುಂದಿನ ಸಾಲು ತಿರುಗುತ್ತೆ, ಹಿಂದಿನ ಸಾಲು ನಿಂತೇ ಇರುತ್ತೆ. ನಮ್ಮ ಡ್ರಿಲ್ ಮೇಡಂ ಹೆಸರು ತನುಜ ಅಂತ. "ಏನಮ್ಮ ಹರಿಣಿ, ಕಿವೀಲಿ ಗುಟ್ಟು ಹೇಳ್ತಿದ್ದೀಯಾ? ಬೀದೀಲಿ ಜನ ನುಗ್ಗಿ ಬಂದಾಗಲೂ ಹೀಗೇ ಪಿಸುಗುಡ್ತೀಯಾ?" ಅಂದರು. ಎಲ್ಲರೂ ನಕ್ಕರು. ಇದರಲ್ಲಿ ಪಾಸಾಗದಿದ್ದರೆ ಮುಂದಿನ ಬ್ಯಾಚಿಗೆ ತಳ್ತಾರಂತೆ.

ಇರಲಿ. ಈಗ ಕೇಳಬೇಕಾದ್ದು ಕೇಳ್ತೀನಿ, ಬೇಡ ಅನ್ನಬೇಡ. ಏಪ್ರಿಲ್ ಮೊದಲ ಶನಿವಾರ ಚಿಕ್ಕಬಳ್ಳಾಪುರದಲ್ಲಿ "ಬಿರುಬಿಸಿಲು" ತಂಡದ ರಾಕ್ ಶೋ ಇದೆ. ನನ್ನ ರೂಮಿನ ಗೋಡೆ ಮೇಲೆ ಇದ್ದಾರಲ್ಲ, ಉದ್ದ ಕೂದಲಿನವರು, ಅವರೇ. ಹಾಡೋ ಮಧುಸೂದನ್ ನಮ್ಮ ಚಿಂತಾಮಣಿಯವನು. ನಾವು ಮನೇಲಿ ಮಾತಾಡೋ ಹಾಗೇ ಹಾಡ್ತಾನೆ, ಕನ್ನಡದ ನಡುವೆ ತೆಲುಗು ಬಂದರೆ ಬರಲಿ ಅಂತ. ಇಷ್ಟು ವರ್ಷ ಎಲ್ಲೆಲ್ಲೋ ಹಾಡಿ ಈಗ ಮೊದಲನೇ ಸಲ ನಮ್ಮ ಜಿಲ್ಲೆಗೆ ಬರ್ತಿದ್ದಾರೆ. ನನ್ನ ಫ್ರೆಂಡ್ ಭಾನುಪ್ರಿಯಾ ಇದ್ದಾಳಲ್ಲ, ನನಗೂ ಸೇರಿಸಿ ಎರಡು ಟಿಕೆಟ್ ತಗೊಂಡಿದ್ದಳು. ನನಗೆ ರಜೆ ಸಿಗಲ್ಲ. ನನ್ನ ಬದಲು ನೀನು ಹೋಗಮ್ಮ. ಹೋಗಿ, ನೋಡಿದ್ದನ್ನೆಲ್ಲ ನನಗೆ ಬರಿ.

ನಿನ್ನ
ಹರಿಣಿ


ಶಿಡ್ಲಘಟ್ಟ
17 ಮಾರ್ಚ್ 2025

ಹರಿಣಮ್ಮ,

ನಿನ್ನ ಕಾಗದ ಬಂತು. ಅಪ್ಪ ರೇಷ್ಮೆ ಗೂಡಿನ ಮಾರ್ಕೆಟ್ಟಿಂದ ಲಗೇಜ್ ಆಟೋ ಓಡಿಸ್ಕೊಂಡು ಬರುವಾಗ ಪೋಸ್ಟ್‌ಮ್ಯಾನ್ ದಾರೀಲೇ ಕೊಟ್ಟನಂತೆ. ಓದಿ ನನಗೆ ನಗು ಬಂತು. ನಾನು ಹೋಗೋದಾ? ಕಿವಿ ಇಲ್ಲದೋಳನ್ನ ಹಾಡು ಕೇಳೋಕೆ ಕಳಿಸ್ತೀಯಲ್ಲೇ!

ಭಾನುಪ್ರಿಯಾ ಮೆಡಿಕಲ್ ಶಾಪಿನ ಕೆಲಸ ಮುಗಿಸಿ ಸಾಯಂಕಾಲ ಬಂದಿದ್ದಳು. ರಾಕ್ ಅಂದರೇನೇ ಅಂತ ಕೇಳಿದೆ. ಬಂಡೆ ಅಂದಳು. ಬಂಡೆ ನೋಡೋಕೆ ದುಡ್ಡು ಕೊಟ್ಟು ಚಿಕ್ಕಬಳ್ಳಾಪುರಕ್ಕೆ ಹೋಗಬೇಕಾ, ನಮ್ಮ ಕಡೆ ಕಣ್ಣು ಬಿಟ್ಟ ಕಡೆಯೆಲ್ಲ ಅದೇ ಅಲ್ಲವಾ ಅಂತ ನಿಮ್ಮಪ್ಪ ಅಂದ. ಅವನಿಗೆ ನಾನು ಹೋಗೋದು ಇಷ್ಟ ಇಲ್ಲ. "ಗುಂಪಿನಲ್ಲಿ ಹಿಂದಿಂದ ಯಾರಾದರೂ ಕೂಗಿದರೆ ಇವಳಿಗೆ ಗೊತ್ತಾಗುತ್ತಾ?" ಅಂತಾನೆ. ಅದು ಸರಿಯೇ.

ನಿನಗೆ ಗೊತ್ತಿಲ್ಲದ್ದೇನು. ಕೆಂಚಾರ್ಲಹಳ್ಳಿ ಮದುವೇಲಿ ಏನಾಯಿತು ಅಂತ ನೀನೇ ನೋಡಿದ್ದೀಯ. ಅವರು ಕೇಳಿದ್ದು ಒಂದು, ನಾನು ಹೇಳಿದ್ದು ಇನ್ನೊಂದು. ಪಂಕ್ತೀಲಿ ಕೂತೋರೆಲ್ಲ ಎಲೆ ಮೇಲೆ ಬಗ್ಗಿ ನಕ್ಕರು. ಆವತ್ತಿಂದ ಹುರಿ ಮಿಷನ್ ಶೆಡ್ಡು, ಮನೆ, ಅಷ್ಟೇ. ಶೆಡ್ಡಿನಲ್ಲಿ ನಾನು ಎಲ್ಲರ ಹಾಗೇ. ದಾರಕ್ಕೆ ಹುರಿ ಹಾಕೋ ಆ ಮಿಷನ್‌ಗಳ ಸದ್ದಿನಲ್ಲಿ ಅಲ್ಲಿ ಯಾರಿಗೂ ಏನೂ ಕೇಳಿಸಲ್ಲ, ಎಲ್ಲರೂ ತುಟಿ ನೋಡೇ ಮಾತಾಡೋದು. ಕ್ಯಾಂಪಿನಲ್ಲಿ ಕೊಟ್ಟ ಕಿವಿ ಮಿಷನ್ ಹಾಕಿಕೊಂಡರೆ ತಲೆಯೊಳಗೆ ಕುಕ್ಕರ್ ಕೂಗಿದ ಹಾಗಾಗುತ್ತೆ, ಬೀರುವಲ್ಲಿ ಇಟ್ಟಿದ್ದೀನಿ.

ನಿನ್ನ ದನಿ ಸಣ್ಣದಾಗಿದ್ದರೆ ಅದು ನನ್ನಿಂದಾನೇ. ನಮ್ಮ ಮನೇಲಿ ಯಾರೂ ಕೂಗಲ್ಲ. ಬಸ್ ಸ್ಟ್ಯಾಂಡಿನಲ್ಲಿ ನೀನು ಕೂಗಿ ಕರೆದರೆ ಜನ ತಿರುಗಿ ನೋಡ್ತಾರೆ, ನಿಮ್ಮಮ್ಮ ಕಿವುಡಿ ಅಂತ ಗೊತ್ತಾಗುತ್ತೆ ಅಂತ ನೀನು ಓಡಿ ಬಂದು ಕೈ ಹಿಡೀತಿದ್ದೆ. ಅಷ್ಟು ಚಿಕ್ಕ ವಯಸ್ಸಿಗೇ.

ಇನ್ನೊಂದು. ಕೊನೇಲಿ ಏನೋ ಬರೆದು ಗೀಚಿ ಹಾಕಿದ್ದೀಯ. ಗೀಚಿದ್ದನ್ನ ನಾನು ಓದಿಲ್ಲ ಅಂದುಕೋ. ಓಟದಲ್ಲಿ ಮುಂದೆ ಇರೋಳು ಯಾಕೆ ವಾಪಸ್ ಬರಬೇಕು?

ಅಮ್ಮ
ಮಂಗಮ್ಮ


ಮೈಸೂರು
23 ಮಾರ್ಚ್ 2025

ಅಮ್ಮಾ,

ಪತ್ರ ಚಿಕ್ಕದು, ಕೈ ಬೊಬ್ಬೆ ಎದ್ದಿದೆ, ಹಗ್ಗ ಹತ್ತಿ.

ಹಾಡು ಹೇಗಿತ್ತು ಅಂತ ಬರಿ ಅಂದೆನಾ ನಾನು? ಹಾಡು ನನ್ನ ಹತ್ತಿರ ಇದೆ. ಅಲ್ಲಿಗೆ ಬಂದ ಜನ ಹೇಗಿದ್ದರು, ಮಧು ಮೊದಲನೇ ಸಲ ವೇದಿಕೆಗೆ ಬಂದಾಗ ಅವರ ಮುಖ ಏನಾಯಿತು, ಅದು ಬೇಕು ನನಗೆ. ವೀಡಿಯೋದಲ್ಲಿ ವೇದಿಕೆ ಮಾತ್ರ ಕಾಣುತ್ತೆ. ಜನರ ಮುಖ ನೋಡಿ ತಿಳಿಯೋದು ನಿನ್ನಷ್ಟು ಚೆನ್ನಾಗಿ ಯಾರಿಗೆ ಬರುತ್ತೆ?

ಗೀಚಿದ್ದರ ಬಗ್ಗೆ ಈಗ ಬೇಡ. ನೀನು ಹೋಗು. ನೀನು ಹೋದರೆ ನಾನೂ ಇಲ್ಲೇ ಇರ್ತೀನಿ. ಇದು ಒಪ್ಪಂದ.

ಹರಿಣಿ


ಶಿಡ್ಲಘಟ್ಟ
7 ಏಪ್ರಿಲ್ 2025

ನನ್ನ ಹರಿಣಮ್ಮನಿಗೆ,

ಹೋಗಿ ಬಂದೆ! ಮೊನ್ನೆ ಶನಿವಾರ ಹೋಗಿ ಬಂದೆ. ಇವತ್ತು ಸೋಮವಾರ, ಗಂಟಲು ಇನ್ನೂ ಕಟ್ಟಿದೆ, ಸೊಂಟ ನೋವು, ಎಡಗಾಲ ಮೇಲೆ ಯಾರೋ ಬೂಟು ಇಟ್ಟು ಕುಣಿದ ಗುರುತು ಇದೆ. ಶೆಡ್ಡಿಗೆ ಹೋಗಲಿಲ್ಲ. ಕೂತು ಬರೀತಿದ್ದೀನಿ.

ಭಾನುಪ್ರಿಯಾ ನನಗೆ ಸೀರೆ ಮೇಲೆ ಕರೀ ಟೀ ಶರ್ಟ್ ಹಾಕಿಸಿದಳು. ಎದೆ ಮೇಲೆ ಬೆಂಕಿ ಕಾರೋ ಸೂರ್ಯ. ನಿಮ್ಮಪ್ಪ ನೋಡಿ, "ಏಂಟೇ ಇದಿ?" ಅಂದ. ಬಾಯಿಗೆ ತೆಲುಗು ಬಂತು ಅಂದರೆ ಅವನಿಗೆ ಕೋಪ ಅಂತ ನಿನಗೆ ಗೊತ್ತಲ್ಲ. ಆದರೂ ಬಸ್ ಸ್ಟ್ಯಾಂಡ್‌ವರೆಗೂ ಆಟೋದಲ್ಲಿ ಬಿಟ್ಟ. ಖಾಲಿ ಗೂಡಿನ ಚೀಲಗಳ ಮೇಲೆ ಕೂತುಕೊಂಡು ಹೋದೆವು.

ಚಿಕ್ಕಬಳ್ಳಾಪುರದಲ್ಲಿ ಇಳಿದರೆ ರಸ್ತೆ ತುಂಬ ಕರೀ ಬಟ್ಟೆ ಹುಡುಗರು. ಗೌರಿಬಿದನೂರಿಂದ, ಬಾಗೇಪಲ್ಲಿಯಿಂದ ಬೈಕಿನಲ್ಲಿ ಮೂರು ಮೂರು ಜನ. ಮುಖಕ್ಕೆ ಬಣ್ಣ ಬಳಿದುಕೊಂಡ ಹುಡುಗಿಯರು. ನನ್ನ ವಯಸ್ಸಿನೋರು ಯಾರಾದರೂ ಇದ್ದಾರಾ ಅಂತ ನೋಡಿದೆ. ಕಡಲೆಕಾಯಿ ಮಾರೋ ಹೆಂಗಸು ಒಬ್ಬಳು ಇದ್ದಳು.

ಗೇಟಿನಲ್ಲಿ ಚೀಲ ನೋಡೋ ಹುಡುಗಿ ತಲೆ ಬಗ್ಗಿಸಿಕೊಂಡೇ ಏನೋ ಕೇಳಿದಳು. ತುಟಿ ಕಾಣಲಿಲ್ಲ. ಊರು ಕೇಳ್ತಿದ್ದಾಳೆ ಅಂದುಕೊಂಡು "ಶಿಡ್ಲಘಟ್ಟ" ಅಂದೆ. ಅವಳು ಕೇಳಿದ್ದು ನೀರಿನ ಬಾಟಲಿ ಇದೆಯಾ ಅಂತ. ಹಿಂದೆ ಇದ್ದ ಹುಡುಗರು ನಕ್ಕರು. ನಗು ಕೇಳಿಸಬೇಕಾಗಿಲ್ಲ ಹರಿಣಿ, ಬೆನ್ನಿಗೆ ಗೊತ್ತಾಗುತ್ತೆ. ಮನೆಗೆ ಹೋಗಣ ಬಾರೇ ಅಂದೆ. ಭಾನುಪ್ರಿಯಾ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಎದುರಿಗೆ ನಿಂತು, ತುಟಿ ಚೆನ್ನಾಗಿ ಕಾಣೋ ಹಾಗೆ ಹೇಳಿದಳು: "ಒಂದು ಹಾಡು. ಒಂದೇ ಒಂದು. ಆಮೇಲೆ ಹೋಗಣ."

ಮೈದಾನ ತುಂಬಿ ಚೆಲ್ತಿತ್ತು. ಇವಳು ನನ್ನನ್ನ ಎಳಕೊಂಡು ಸಂದಿ ಸಂದೀಲಿ ನುಗ್ಗಿ ವೇದಿಕೆ ಪಕ್ಕಕ್ಕೆ ಕರಕೊಂಡು ಹೋದಳು. ಅಲ್ಲಿ ನಮ್ಮ ಬೀರುಗಿಂತ ದೊಡ್ಡ ಸೌಂಡ್ ಬಾಕ್ಸ್‌ಗಳನ್ನ ಒಂದರ ಮೇಲೊಂದು ಪೇರಿಸಿದ್ದರು. ದೀಪ ಎಲ್ಲ ಆರಿಸಿದರು. ಎಲ್ಲರೂ ಒಂದೇ ಕಡೆ ಕತ್ತು ಚಾಚಿದರು. ನಿನಗೆ ಬೇಕಿತ್ತಲ್ಲ ಆ ಮುಖ, ಕೇಳು. ನನ್ನ ಪಕ್ಕ ಒಬ್ಬ ದಪ್ಪ ಹುಡುಗ ಇದ್ದ, ಗಡ್ಡ ಬಿಟ್ಟಿದ್ದ, ರೌಡಿ ಥರ. ವೇದಿಕೆ ಮೇಲೆ ದೀಪ ಬಿದ್ದು ಆ ಮಧು ಬಂದು ನಿಂತ ನೋಡು, ಈ ಹುಡುಗನ ಮುಖ ಮಗು ಮುಖ ಆಯಿತು. ಬಾಯಿ ತೆರೆದು ಹಾಗೇ ನಿಂತ. ಕಣ್ಣಲ್ಲಿ ನೀರು. ತುಟಿ ನೋಡಿದೆ. "ಬಂದ, ಬಂದ, ಬಂದ" ಅಂತಿದ್ದ.

ಆಮೇಲೆ ಡ್ರಮ್ಮು ಶುರು ಆಯಿತು.

ಹೇಗೆ ಬರೀಲಿ? ಮೊದಲು ಅಂಗಾಲಿಗೆ ಬಂತು. ನೆಲದೊಳಗಿಂದ ಯಾರೋ ಬಾಗಿಲು ತಟ್ಟಿದ ಹಾಗೆ. ಅಲ್ಲಿಂದ ಮೊಣಕಾಲು, ಹೊಟ್ಟೆ, ಎದೆ ಗೂಡು. ಹಲ್ಲು ಕೂಡ ನಡುಗಿತು. ನಾನು ಹೆದರಿ ಎದೆ ಮೇಲೆ ಕೈ ಇಟ್ಟುಕೊಂಡೆ. ಗುಂಡಿಗೇನೇ ಹೊಡ್ಕೋತಿದೆಯಾ, ಹಾಡಾ ಅಂತ ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಯಿತು. ಹಾಡು ಕಣೇ. ಹಾಡು ನನ್ನ ಒಳಗೆ ಬಂದಿತ್ತು. ಕಿವಿ ಹತ್ತಿರ ಹೋಗಲೇ ಇಲ್ಲ ಅದು, ಬೇರೆ ದಾರೀಲಿ ಬಂತು.

ಎಷ್ಟು ವರ್ಷ ಆಗಿತ್ತು ಹರಿಣಿ. ಅತ್ತುಬಿಟ್ಟೆ. ಗಡ್ಡದ ಹುಡುಗ ನೋಡಿ, ನೂಕಿದೆನಾ ಆಂಟಿ, ಸಾರಿ ಸಾರಿ ಅಂದ. ಕಿವಿ ತೋರಿಸಿ ಕೈ ಆಡಿಸಿದೆ. ಅವನಿಗೆ ಅರ್ಥ ಆಯಿತು. ತಕ್ಷಣ ಮುಂದಿದ್ದೋರ ಭುಜ ತಟ್ಟಿ ತಟ್ಟಿ ಜಾಗ ಬಿಡಿಸಿ, ನನ್ನನ್ನ ಆ ಪೆಟ್ಟಿಗೆ ಮುಂದೆ ಇದ್ದ ಕಂಬಿ ಹತ್ತಿರ ನಿಲ್ಲಿಸಿದ. ಕಂಬಿ ಹಿಡಿದೆ. ಕೈಯಿಂದಲೂ ಹಾಡು ಬಂತು. ಒಂದು ಹಾಡು ಮುಗೀತು, ಭಾನುಪ್ರಿಯಾ ನನ್ನ ಮುಖ ನೋಡಿದಳು. ಹೋಗಣವಾ ಅಂತ. ನಾನು ಕಂಬಿ ಬಿಡಲಿಲ್ಲ.

ಎಲ್ಲರೂ ಎಗರ್ತಾರೆ, ನಾನೂ ಎಗರಿದೆ. ಎಗರದೇ ಇದ್ದರೂ ಅವರೇ ಎತ್ತಿಬಿಡ್ತಾರೆ. ಬೆವರು, ಧೂಳು, ಯಾರದೋ ಮೊಣಕೈ. ತಲೆ ಮೇಲಿಂದ ನೀರಿನ ಪ್ಯಾಕೆಟ್ ಕೈಯಿಂದ ಕೈಗೆ ಬರುತ್ತೆ, ಒಂದು ಗುಟುಕು ಕುಡಿದು ಮುಂದಕ್ಕೆ ಕೊಡಬೇಕು. ಯಾರ ಎಂಜಲು, ಯಾವ ಜನ, ಯಾರೂ ಕೇಳಲಿಲ್ಲ. ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ ಅಂತ ನಿನಗೆ ನಾನು ಹೇಳಬೇಕಾಗಿಲ್ಲ.

ಆಮೇಲೆ ಜನರೇಟರ್ ಕೆಟ್ಟಿತು.

ಒಂದೇ ಸಲ ಕತ್ತಲು. ಎದೆಯೊಳಗಿನ ಡ್ರಮ್ಮು ನಿಂತಿತು. ಹಿಂದಿಂದ ಜನ ಒತ್ತಿದರು, ನನ್ನ ಹೊಟ್ಟೆ ಕಂಬಿಗೆ ಅಮುಕಿಕೊಂಡಿತು. ಉಸಿರು ಕಟ್ಟಿತು. ಯಾರು ಏನು ಕೂಗ್ತಿದ್ದಾರೋ, ಓಡಿ ಅಂತಿದ್ದಾರೋ ನಿಲ್ಲಿ ಅಂತಿದ್ದಾರೋ, ನನಗೆ ಹೇಗೆ ಗೊತ್ತಾಗಬೇಕು. ನಿಮ್ಮಪ್ಪ ಹೇಳಿದ್ದು ನೆನಪಾಯಿತು. ಅಷ್ಟರಲ್ಲಿ ಆ ಗಡ್ಡದ ಹುಡುಗ ಎರಡೂ ಕೈಯಿಂದ ಕಂಬಿ ಹಿಡಿದು ನನಗೆ ಗೋಡೆ ಥರ ಅಡ್ಡ ನಿಂತ. ಭಾನುಪ್ರಿಯಾ ಅವನ ಪಕ್ಕ. ಅವರ ಹಿಂದೆ ಇನ್ಯಾರೋ ಕೈಗೆ ಕೈ ಕೋದರು. ಒತ್ತಡ ಕಡಿಮೆ ಆಯಿತು.

ಒಬ್ಬೊಬ್ಬರೇ ಫೋನಿನ ಟಾರ್ಚು ಹಾಕಿದರು. ಮೈದಾನ ಪೂರ್ತಿ ಮುಖಗಳು ಕಂಡವು. ಅವು ಸುಮ್ಮನೆ ಇರಲಿಲ್ಲ ಹರಿಣಿ! ಎಲ್ಲ ಬಾಯಿಗಳೂ ಒಟ್ಟಿಗೆ ತೆರೀತಿದ್ದವು, ಒಟ್ಟಿಗೆ ಮುಚ್ತಿದ್ದವು. ಕರೆಂಟ್ ಹೋದರೂ ಜನ ಹಾಡು ಬಿಟ್ಟಿರಲಿಲ್ಲ. ನಾನು ಓದಿದೆ. ಅಷ್ಟು ಸಾವಿರ ತುಟಿ, ಒಂದೇ ಸಾಲು. "ನಡುಗಲಿ ನೆಲ, ನಿಂತಿರ್ತೀವಿ ನಾವು." ಮತ್ತೆ ಅದೇ. ಮತ್ತೆ ಅದೇ. ಮೈಕ್ ಇಲ್ಲದ ಮಧು ವೇದಿಕೆ ಅಂಚಿಗೆ ಬಂದು ಕೂತು ಅವನೂ ಹಾಡ್ತಿದ್ದ.

ನಾನು ಬಾಯಿ ಬಿಟ್ಟೆ. ಹಾಡಿದೆ. ಮದುವೆಗೆ ಮುಂಚೆ ಕೈವಾರದ ಭಜನೇಲಿ ಹಾಡ್ತಿದ್ದೋಳು, ನನ್ನ ದನಿ ನನಗೇ ಕೇಳಿಸದ ಹಾಗೆ ಆದಮೇಲೆ ಬಾಯಿ ಮುಚ್ಚಿದ್ದೆ. ಎಲ್ಲಿ ಅಪಸ್ವರ ಬಂದು ಜನ ನಗ್ತಾರೋ ಅಂತ. ಮೊನ್ನೆ ಗಂಟಲು ಹರಿಯೋ ಹಾಗೆ ಹಾಡಿದೆ. ರಾಗ ಎಲ್ಲಿತ್ತೋ ತಾಳ ಎಲ್ಲಿತ್ತೋ ಆ ದೇವರಿಗೇ ಗೊತ್ತು. ಅಕ್ಕಪಕ್ಕದೋರು ತಿರುಗಿ ನೋಡಿದರು. ಯಾರೂ ನಗಲಿಲ್ಲ. ಒಂದು ಹುಡುಗಿ, ಕಣ್ಣಿನ ಕಾಡಿಗೆ ಕೆನ್ನೆಗೆಲ್ಲ ಇಳಿದಿತ್ತು, ಬಂದು ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ಜೊತೆಗೆ ಹಾಡಿದಳು.

ಜನರೇಟರ್ ಬಂತು. ಡ್ರಮ್ಮು ಬಂತು. ಆಗ ಆ ಮೈದಾನ ಎಗರಿದ್ದು ನೋಡಬೇಕಿತ್ತು ನೀನು. ಗೆದ್ದುಬಿಟ್ಟೆವು ಅನ್ನಿಸಿತು. ಯಾರ ಮೇಲೆ ಅಂತ ಕೇಳಬೇಡ.

ನಾನು ಹೋದೆ. ನೀನು ಅಲ್ಲೇ ಇರಬೇಕು. ಒಪ್ಪಂದ ನಿನ್ನದೇ.

ಗಂಟಲು ಕಟ್ಟಿದ
ನಿನ್ನ ಅಮ್ಮ


ಮೈಸೂರು
20 ಏಪ್ರಿಲ್ 2025

ಅಮ್ಮಾ ಅಮ್ಮಾ ಅಮ್ಮಾ,

ನಿನ್ನ ಪತ್ರ ಬ್ಯಾರಕ್ಕಿನಲ್ಲಿ ಎಲ್ಲರೂ ಓದಿದ್ದಾರೆ. ಮೊದಲು ನಾನೊಬ್ಬಳೇ ಓದಿದೆ. ಓದಿ ಅಳ್ತಾ ಕೂತಿದ್ದು ನೋಡಿ ಪಕ್ಕದ ಮಂಚದ ಶಿರೀಷಾ, ಮನೇಲಿ ಏನಾದರೂ ಆಯಿತಾ ಅಂತ ಗಾಬರಿ ಬಿದ್ದಳು. ಅವಳಿಗೆ ಓದಿ ಹೇಳಿದೆ. ಆಮೇಲೆ ಎಲ್ಲರೂ, ಗಟ್ಟಿಯಾಗಿ ಓದೇ, ಕೇಳಿಸ್ತಿಲ್ಲ ಅಂದರು. ಮಂಚದ ಮೇಲೆ ಹತ್ತಿ ನಿಂತು ಓದಿದೆ. ಜನರೇಟರ್ ಕೆಟ್ಟ ಜಾಗಕ್ಕೆ ಬಂದಾಗ ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ನೀನು ಹಾಡಿದೆ ಅಂದಾಗ ಕಿರುಚಿದರು ನೋಡು, ವಾರ್ಡನ್ ಓಡಿ ಬಂದರು.

ಮಾರನೇ ದಿನ ಕವಾಯತಿನಲ್ಲಿ ನನ್ನ ಸರದಿ ಬಂತು. ಮತ್ತೆ ಅದೇ ಸಣ್ಣ ದನಿ. ತನುಜ ಮೇಡಂ ನನ್ನನ್ನ ಪಕ್ಕಕ್ಕೆ ಕರೆದರು. ಬೈತಾರೆ ಅಂದುಕೊಂಡೆ. "ನೆನ್ನೆ ಮಂಚದ ಮೇಲೆ ನಿಂತು ಓದಿದ್ದು ಯಾರು? ನನ್ನ ರೂಮಿಗೆ ಕೇಳಿಸ್ತು" ಅಂದರು. ನಾನು ತಲೆ ತಗ್ಗಿಸಿದೆ. "ಆ ದನಿ ಎಲ್ಲಿ? ಅದನ್ನ ತಗೊಂಡು ಬಾ."

ದಿನಾ ಸಾಯಂಕಾಲ ಮೈದಾನದ ಆ ತುದೀಲಿ ನಾನು, ಈ ತುದೀಲಿ ಶಿರೀಷಾ. ನಾನು ಕೂಗಿದ್ದು ಕೇಳಿಸಿದರೆ ಅವಳು ಕೈ ಎತ್ತಬೇಕು. ಕೂಗುವಾಗೆಲ್ಲ ನನಗೆ ಯಾರೋ ತಿರುಗಿ ನೋಡ್ತಾರೆ ಅಂತಲೇ ಅನ್ನಿಸುತ್ತೆ. ನೋಡಲಿ ಬಿಡು. ನಮ್ಮಮ್ಮ ಸೀರೆ ಮೇಲೆ ಟೀ ಶರ್ಟ್ ಹಾಕಿಕೊಂಡು ಸಾವಿರಾರು ಜನರ ನಡುವೆ ಕಿರುಚಿದ್ದಾಳೆ.

ಗೀಚಿ ಹಾಕಿದ್ದೆನಲ್ಲ, ಅದನ್ನ ಈಗ ಮನಸ್ಸಿಂದಲೂ ಗೀಚಿದ್ದೀನಿ.

ಹರಿಣಿ


ಶಿಡ್ಲಘಟ್ಟ
21 ಜುಲೈ 2025

ಹರಿಣಮ್ಮ,

ತಡ ಆಯಿತು, ಗೂಡು ಜಾಸ್ತಿ ಬಂದಿದೆ, ಶೆಡ್ಡಿನಲ್ಲಿ ಪುರಸೊತ್ತಿಲ್ಲ.

ಆಷಾಢಕ್ಕೆ ಮುಂಚೆ ನಮ್ಮ ಶೆಡ್ಡಿನ ಅಮ್ಮಾಜಮ್ಮನ ಮೊಮ್ಮಗಳ ಮದುವೆಗೆ ಚಿಂತಾಮಣಿಗೆ ಹೋಗಿದ್ದೆ. ಛತ್ರದ ಬಾಗಿಲಲ್ಲಿ ಯಾರೋ ಏನೋ ಕೇಳಿದರು. "ನನಗೆ ಕಿವಿ ಕೇಳಿಸಲ್ಲ, ಎದುರಿಗೆ ಬಂದು ಮಾತಾಡಿ" ಅಂದೆ. ಬಂದು ಮಾತಾಡಿದರು. ಅಷ್ಟೇ. ಇಷ್ಟು ಸುಲಭ ಇತ್ತು ಇದು. ನಿಮ್ಮಪ್ಪ ನನ್ನನ್ನೇ ನೋಡ್ತಿದ್ದ. ಊಟಕ್ಕೆ ಕೂತಾಗ ನನ್ನ ಎಲೆಗೆ ಅವನ ಹೋಳಿಗೇನೂ ಹಾಕಿದ.

ಶೆಡ್ಡಿನಲ್ಲಿ ಹೆಂಗಸರಿಗೆಲ್ಲ ಆ ಸಾಲು ತುಟೀಲೇ ಕಲಿಸಿದ್ದೀನಿ. ಮಿಷನ್ ಓಡುವಾಗ ಎಲ್ಲರೂ ಒಟ್ಟಿಗೆ ಹಾಡ್ತೀವಿ. ಮಾಲೀಕ ಹೊರಗೆ ಕೂತಿರ್ತಾನೆ, ಅವನಿಗೆ ಗೊತ್ತೇ ಇಲ್ಲ.

ನಿನ್ನ ದನಿ ಎಲ್ಲಿವರೆಗೆ ಬಂತು?

ಅಮ್ಮ


ಮೈಸೂರು
14 ಸೆಪ್ಟೆಂಬರ್ 2025

ಅಮ್ಮಾ,

ಪಾಸು! ಮೈದಾನದ ಆ ತುದೀಲಿ ನಿಂತ ಶಿರೀಷಾಗೆ ಮಾತ್ರ ಅಲ್ಲ, ಕಾಂಪೌಂಡಿನ ಆಚೆ ಎಳನೀರು ಮಾರೋನಿಗೂ ಕೇಳಿಸಿತಂತೆ. ಅವನು ಗಾಡಿ ಬಿಟ್ಟು ಅಟೆನ್ಷನ್‌ನಲ್ಲಿ ನಿಂತನಂತೆ, ಶಿರೀಷಾ ಸೇರಿಸಿ ಹೇಳ್ತಾಳೋ ಏನೋ.

ಅಕ್ಟೋಬರ್ ಕೊನೇಲಿ ನಮ್ಮ ನಿರ್ಗಮನ ಪಥಸಂಚಲನ. ನಮ್ಮ ತುಕಡಿಯ ಮುಂದೆ ನಡೆದು ಆಜ್ಞೆ ಕೊಡೋದಕ್ಕೆ ತನುಜ ಮೇಡಂ ನನ್ನ ಹೆಸರು ಬರೆದಿದ್ದಾರೆ. ನೀನೂ ಅಪ್ಪನೂ ಬರಲೇಬೇಕು. ನಿಮ್ಮ ಕುರ್ಚಿ ದೂರ ಇರುತ್ತೆ, ನನ್ನ ತುಟಿ ಕಾಣಲ್ಲ. ಆದರೆ ನಾನು ಬಾಯಿ ತೆರೆದ ಕೂಡಲೇ ಎಲ್ಲರ ಬೂಟೂ ಒಟ್ಟಿಗೆ ನೆಲಕ್ಕೆ ಬೀಳುತ್ತೆ. ಅದು ನಿನಗೆ ತಲುಪುತ್ತೆ ಅಂತ ನಂಬಿದ್ದೀನಿ.

ಹರಿಣಿ


ಶಿಡ್ಲಘಟ್ಟ
24 ನವೆಂಬರ್ 2025

ಚಿ. ಹರಿಣಿಗೆ ನಿನ್ನ ತಂದೆ ಬಯ್ಯಪ್ಪ ಬರೆಯೋದು,

ನಾನು ಕಾಗದ ಬರೆದು ರೂಢಿ ಇಲ್ಲ. ನಿಮ್ಮಮ್ಮ ಬರಿ ಅಂತ ಪೆನ್ನು ಕೊಟ್ಟು ಎದುರಿಗೇ ಕೂತಿದ್ದಾಳೆ.

ಪಥಸಂಚಲನದ ದಿನ ಮೈಸೂರಲ್ಲಿ ನಿನ್ನನ್ನ ಯೂನಿಫಾರಂನಲ್ಲಿ ನೋಡಿ ನಾನು ಏನೂ ಹೇಳಲಿಲ್ಲ ಅಂತ ನಿನಗೆ ಬೇಜಾರಾಗಿದೆ ಅಂತ ಇವಳು ಅಂತಾಳೆ. ನಾನು ಹೇಳೋಕೆ ಅಂತ ಬಾಯಿ ತೆರೆದೆ. ಬರಲಿಲ್ಲ. ಪೊಲೀಸ್ ಕೆಲಸ ನಿನಗೆ ಆಗಲ್ಲ ಅಂತ ಅಂದಿದ್ದೋನು ನಾನೇ ಅಲ್ಲವಾ. ಎಲ್ಲರ ಬೂಟು ನೆಲಕ್ಕೆ ಬಿದ್ದಿದ್ದು ನಿಮ್ಮಮ್ಮನ ಅಂಗಾಲಿಗೆ ಬಂತಂತೆ, ಅದನ್ನೂ ಬರಿ ಅಂತಾಳೆ.

ಚಿಕ್ಕಬಳ್ಳಾಪುರ ಜಿಲ್ಲೇಲೇ ಪೋಸ್ಟಿಂಗ್ ಆಗಿದ್ದು ಒಳ್ಳೇದಾಯಿತು. ಆದರೆ ಅಷ್ಟು ಹತ್ತಿರ ಇದ್ದೂ ಬರೋಕೆ ಆಗ್ತಿಲ್ಲ ನೋಡು. ದಿನಾ ಬಂದೋಬಸ್ತ್ ಅಂದರೆ ಊಟ ಯಾವಾಗ ಮಾಡ್ತೀಯ?

ಇಲ್ಲಿ ವಿಶೇಷ ಏನಿಲ್ಲ. ಆಟೋದಲ್ಲಿ ಸೀಟಿನ ಕೆಳಗೆ ಒಂದು ದೊಡ್ಡ ಸೌಂಡ್ ಬಾಕ್ಸ್ ಹಾಕಿಸಿದ್ದೀನಿ. ಗಾಡಿ ಚೆನ್ನಾಗಿ ಕಾಣಲಿ ಅಂತ ಹಾಕಿಸಿದ್ದು. ನಿಮ್ಮಮ್ಮ ಅದರ ಮೇಲೆ ಕೂತುಕೊಂಡು ಶೆಡ್ಡಿಗೆ ಹೋಗ್ತಾಳೆ. ಇಳಿಯೋದೇ ಇಲ್ಲ ಅಂತಾಳೆ, ಒಂದು ಸುತ್ತು ಜಾಸ್ತಿ ಹೊಡೆಸ್ತಾಳೆ. ಡೀಸೆಲ್ಲು ಸುಮ್ಮನೆ ಖರ್ಚು.

ಜನವರೀಲಿ ಗೌರಿಬಿದನೂರಿಗೆ ಆ ಕೂದಲು ಬಿಟ್ಟ ಹುಡುಗರು ಬರ್ತಾರಂತೆ. ಇವಳು ಶೆಡ್ಡಿನ ಹೆಂಗಸರನ್ನೆಲ್ಲ ಕರಕೊಂಡು ಹೊರಟಿದ್ದಾಳೆ. ಆಟೋದಲ್ಲಿ ನಾನೇ ಕರಕೊಂಡು ಹೋಗಬೇಕಂತೆ. ನನಗೆ ಬೇರೆ ದಾರಿ ಏನಿದೆ.

ಬಯ್ಯಪ್ಪ


ಚಿಕ್ಕಬಳ್ಳಾಪುರ
18 ಜನವರಿ 2026, ಭಾನುವಾರ

ಅಮ್ಮಾ,

ಈಗಷ್ಟೇ ಎದ್ದೆ. ಇವತ್ತೇ ಬೇರೆ ಜಿಲ್ಲೆಗೆ ಬಂದೋಬಸ್ತ್ ಅಂತ ವ್ಯಾನ್ ಹತ್ತಿಸ್ತಿದ್ದಾರೆ, ನಿನ್ನನ್ನ ನೋಡೋಕೆ ಬರೋಕಾಗಲ್ಲ. ಅದಕ್ಕೇ ಬರೆದು, ನನ್ನನ್ನ ನೋಡೋಕೆ ಇಲ್ಲಿಗೆ ಬಂದಿರೋ ಭಾನುಪ್ರಿಯಾ ಕೈಗೆ ಕೊಟ್ಟು ಹೋಗ್ತಿದ್ದೀನಿ.

ನೆನ್ನೆ ನನಗೆ ಗೌರಿಬಿದನೂರಲ್ಲೇ ಡ್ಯೂಟಿ ಅಂತ ನನಗೂ ಗೊತ್ತಿರಲಿಲ್ಲ. ಮಧ್ಯಾಹ್ನ ವ್ಯಾನ್ ಇಳಿದಮೇಲೆ ಬ್ಯಾನರ್ ನೋಡಿದೆ. ಬಿರುಬಿಸಿಲು! ಕಾಲು ಎಗರೋಕೆ ಹೊರಟಿತ್ತು, ಬೂಟು ಭಾರ ಇತ್ತು, ನಿಂತಿತು. ನನ್ನನ್ನ ಹಾಕಿದ್ದು ವೇದಿಕೆಗೂ ಕಂಬಿಗೂ ನಡುವಿನ ಓಣೀಲಿ. ಮುಖ ಜನರ ಕಡೆ, ಬೆನ್ನು ವೇದಿಕೆ ಕಡೆ. ತಿರುಗೋ ಹಾಗಿಲ್ಲ. ಎಷ್ಟು ವರ್ಷ ಕನಸು ಕಂಡಿದ್ದೆ, ಮಧು ನನ್ನ ಬೆನ್ನ ಹಿಂದೆ ಇಷ್ಟು ಹತ್ತಿರ ಹಾಡ್ತಿದ್ದಾನೆ, ನಾನು ತಿರುಗೋ ಹಾಗಿಲ್ಲ!

ಮೊದಲು ಹೊಟ್ಟೆ ಉರೀತು. ಆಮೇಲೆ ಮುಖಗಳು ಕಂಡವು. ನೀನು ಬರೆದಿದ್ದೆಯಲ್ಲ ಗಡ್ಡದ ಹುಡುಗನ ಮುಖ, ಅಂಥ ಮುಖಗಳೇ ಕಣ್ಣು ಹಾಯೋವರೆಗೂ. ಒಬ್ಬ ಹುಡುಗ ಅವನ ತಂಗೀನ ಹೆಗಲ ಮೇಲೆ ಕೂರಿಸಿಕೊಂಡಿದ್ದ, ಅವಳು ಎರಡು ಕೈಯಲ್ಲೂ ಅವನ ಕೂದಲು ಹಿಡಿದು ತಾಳ ಹಾಕ್ತಿದ್ದಳು. ಕನ್ನಡಕದ ಮೇಷ್ಟ್ರೊಬ್ಬರು ಶರ್ಟ್ ಇನ್ ಮಾಡಿಕೊಂಡೇ ತಲೆ ಕುಣಿಸ್ತಿದ್ದರು. ಅವರ ಪಕ್ಕ ಮಲ್ಲಿಗೆ ಮುಡಿದ ಹೆಂಗಸರ ಒಂದು ದೊಡ್ಡ ಗುಂಪು, ನಡುವೆ ನೀನು. ನೀನು ನನ್ನನ್ನ ನೋಡಿದೆ. ಎರಡೂ ಕೈ ಎತ್ತಿ ಬೀಸಿದೆ. ನಾನು ಕೈ ಎತ್ತಲಿಲ್ಲ, ನಗಲೂ ಇಲ್ಲ. ಡ್ಯೂಟಿ ಅಮ್ಮ. ಹಲ್ಲು ಕಚ್ಚಿಕೊಂಡಿದ್ದೆ. ನಿನಗೆ ಬೇಜಾರಾಯಿತಾ?

ನಿನ್ನ ಹಾಡು ನನಗೆ ಕೇಳಿಸಿತು. ಅರ್ಧ ತಾಳ ಹಿಂದೆ ಇದ್ದೆ. ಎಲ್ಲರಿಗಿಂತ ಜೋರಾಗಿ ಇದ್ದೆ.

ಆಮೇಲೆ ಅದು. ಒಂದು ಹಾಡು ಮುಗಿದು ವಾದ್ಯ ಎಲ್ಲ ನಿಂತಿತ್ತಲ್ಲ, ಮಧು ಬಗ್ಗಿ ಕೈ ಚಾಚಿದ. ಅವನ ಕೈ ಮುಟ್ಟೋಕೆ ಅಂತ ಹಿಂದಿನೋರೆಲ್ಲ ಒಂದೇ ಸಲ ನುಗ್ಗಿದರು. ನನ್ನ ಕಣ್ಣೆದುರೇ ಕಂಬಿ ಬಾಗಿತು. ನಿನ್ನ ಪಕ್ಕದ ಹುಡುಗಿ ಕಾಣೆಯಾದಳು, ಕೆಳಗೆ ಬಿದ್ದಿದ್ದಳು. ನೀನು ಅವಳನ್ನ ಎತ್ತೋಕೆ ಬಗ್ಗಿದೆ. ಈಗ ಇನ್ನೊಂದು ಸಲ ಒತ್ತಿದರೆ ನೀನೂ ಇಲ್ಲ, ಅವಳೂ ಇಲ್ಲ ಅನ್ನಿಸಿತು. ಕಂಬಿಗೆ ಭುಜ ಕೊಟ್ಟು, ಇದ್ದ ಉಸಿರೆಲ್ಲ ಎಳೆದು ಕೂಗಿದೆ. "ನಿಲ್ಲಿ! ಎರಡು ಹೆಜ್ಜೆ ಹಿಂದಕ್ಕೆ!"

ನಿಂತರು ಅಮ್ಮ. ಮುಂದಿನೋರು ನಿಂತರು, ಅವರ ಹಿಂದಿನೋರು ನಿಂತರು. ಇನ್ನೊಂದು ಸಲ ಕೂಗಿದೆ. ಆ ತುದಿವರೆಗೂ, ನಾನು ನೋಡ್ತಿದ್ದ ಹಾಗೇ, ಇಡೀ ಮೈದಾನ ಎರಡು ಹೆಜ್ಜೆ ಹಿಂದಕ್ಕೆ ಹೋಯಿತು. ನೀನು ಆ ಹುಡುಗೀನ ಎತ್ತಿ ನಿಲ್ಲಿಸಿದೆ. ಅವಳಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ, ಆಮೇಲೆ ಅವಳೇ ಎಲ್ಲರಿಗಿಂತ ಜಾಸ್ತಿ ಕುಣಿದಳು. ಮಧು ಮೈಕಿನಲ್ಲಿ, "ಯಾರದಮ್ಮ ಆ ಗಂಟಲು? ನಮ್ಮ ಬ್ಯಾಂಡಿಗೆ ಬರ್ತೀಯಾ?" ಅಂದ. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಆಗಲೂ ತಿರುಗಲಿಲ್ಲ. ನಮ್ಮ ಸಾಹೇಬರು ಬಂದು ನನ್ನ ಕ್ಯಾಪ್ ನೆಟ್ಟಗೆ ಮಾಡಿ ಹೋದರು.

ಒಂದು ಮಾತ್ರ ಮನಸ್ಸಲ್ಲಿ ಕೊರೀತಿದೆ. ನಾನು ಕೂಗಿದಾಗ ನೀನು ಬೆಚ್ಚಿಬಿದ್ದು ತಲೆ ಎತ್ತಿದೆ. ನನ್ನನ್ನ ಯಾವತ್ತೂ ಹಾಗೆ ನೋಡಿರಲಿಲ್ಲ ನೀನು. ಹೆದರಿಸಿಬಿಟ್ಟೆನಾ?

ವ್ಯಾನ್ ಹಾರ್ನ್ ಹೊಡೀತಿದೆ.

ನಿನ್ನ
ಹರಿಣಿ


ಶಿಡ್ಲಘಟ್ಟ
19 ಜನವರಿ 2026

ಹರಿಣಮ್ಮ,

ಬೇಜಾರಿಲ್ಲ. ನೀನು ಹಲ್ಲು ಕಚ್ಚಿದ್ದು ದವಡೇಲಿ ಕಾಣ್ತಿತ್ತು. ನಿಮ್ಮಪ್ಪ ಹಿಂದೆ ಎಲ್ಲರ ಚಪ್ಪಲಿ, ಚೀಲ ಕಾಯ್ಕೊಂಡು ನಿಂತಿದ್ದ. ಆ ಚಪ್ಪಾಳೆ ಬಿದ್ದಮೇಲೆ ಅಕ್ಕಪಕ್ಕ ಸಿಕ್ಕ ಸಿಕ್ಕೋರಿಗೆಲ್ಲ "ಅದು ನಮ್ಮ ಪಾಪ, ಅದು ನಮ್ಮ ಪಾಪ" ಅಂತ ಹೇಳ್ತಿದ್ದನಂತೆ.

ನಾನು ಹೆದರಲಿಲ್ಲ ಕಣೇ. ಕೇಳು.

ನಾನು ಬಗ್ಗಿದ್ದೆ, ಆ ಹುಡುಗಿ ತೋಳು ನನ್ನ ಕೈಲಿತ್ತು. ಕಣ್ಣು ನೆಲದ ಮೇಲೆ ಇತ್ತು. ನಿನ್ನ ಮುಖ ನನಗೆ ಕಾಣ್ತಿರಲಿಲ್ಲ. ತುಟಿ ಕಾಣ್ತಿರಲಿಲ್ಲ. ಡ್ರಮ್ಮೂ ನಿಂತಿತ್ತು. ಆಗ "ಹಿಂದಕ್ಕೆ" ಅಂತ ಬಂತು. ಕಾಲಿಂದ ಅಲ್ಲ. ಎದೆಯಿಂದ ಅಲ್ಲ. ಕಿವಿಯಿಂದ ಬಂತು ಹರಿಣಿ. ದೂರದಿಂದ ಬಂದ ಹಾಗೆ, ಬಾವಿಯೊಳಗಿಂದ ಬಂದ ಹಾಗೆ. ಆದರೆ ಬಂತು.

ನೀನು ಒಂಬತ್ತನೇ ಕ್ಲಾಸಿನಲ್ಲಿ ಇದ್ದಾಗಿಂದ ನಿನ್ನ ದನಿ ನನಗೆ ಸರಿಯಾಗಿ ಕೇಳಿಸಿದ್ದೇ ಇಲ್ಲ. ನೀನು ಮಾತಾಡುವಾಗೆಲ್ಲ ತುಟಿ ನೋಡ್ತಿದ್ದೆ, ಅದಕ್ಕೆ ಆ ಎರಡು ಜಡೆ ಹುಡುಗಿಯ ದನೀನೇ ಸೇರಿಸ್ಕೋತಿದ್ದೆ. ಕೀಚಲು ದನಿ. ನೀನು ಡಿಗ್ರಿ ಮಾಡಿದೆ, ಪೊಲೀಸ್ ಆದೆ, ನನ್ನೊಳಗೆ ಮಾತ್ರ ಅದೇ ಕೀಚಲು ದನೀಲಿ ಮಾತಾಡ್ತಿದ್ದೆ. ಮೊನ್ನೆ ಬಂದಿದ್ದು ಅದಲ್ಲ. ದಪ್ಪ ದನಿ, ಗಟ್ಟಿ ದನಿ, ಒಂಚೂರು ಒರಟು. ಯಾರೋ ದೊಡ್ಡ ಅಧಿಕಾರಿ ಅಂತ ತಲೆ ಎತ್ತಿದೆ. ನೋಡಿದರೆ ನೀನು.

ಇಷ್ಟು ವರ್ಷ ನನಗೆ ಕೇಳಿಸಲ್ಲ ಅಂತ ನೀನು ಕೂಗಲೇ ಇಲ್ಲ. ನೀನು ಕೂಗಲಿಲ್ಲ ಅಂತ ನನಗೂ ಗೊತ್ತಾಗಲಿಲ್ಲ, ಇನ್ನೂ ಇಷ್ಟು ಉಳಿದಿದೆ ಅಂತ.

ರಜೆ ಸಿಕ್ಕಿದ ದಿನ ಬಾ. ಹತ್ತಿರ ಬಂದು ಭುಜ ಮುಟ್ಟಬೇಡ. ಬೀದಿ ಬಾಗಿಲಲ್ಲೇ ನಿಂತುಕೊಂಡು, ಬೀದಿಯೋರೆಲ್ಲ ತಿರುಗಿ ನೋಡೋ ಹಾಗೆ, ಅಮ್ಮಾ ಅಂತ ಕೂಗು. ನಾನು ಅಡುಗೆ ಮನೇಲಿ ಬೆನ್ನು ಮಾಡಿಕೊಂಡೇ ನಿಂತಿರ್ತೀನಿ.

ನಿನ್ನ ಅಮ್ಮ